ದಿನಕ್ಕೆ ಎಷ್ಟು ಸಾರಿ ‘ಸಾರಿ’?

ಓದಲು, ದುಡಿಯಲು, ಇಲ್ಲವೇ ಮಕ್ಕಳ ಮನೆಯಲ್ಲಿ ಒಂದಷ್ಟು ತಿಂಗಳು ಇದ್ದು ಬರಲು ಇಂಗ್ಲೆಂಡಿಗೆ ಹೋದ ಓದುಗರ ಪತ್ರಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕಾಣುತ್ತಿದೆ: ಅಲ್ಲಿಯವರು ಮಾತೆತ್ತಿದರೆ ‘ಸಾರಿ’ ಅನ್ನುತ್ತಾರೆ, ಯಾವುದಕ್ಕೆ ಏನು ಉತ್ತರ ಕೊಡಬೇಕೋ ಗೊತ್ತಾಗುವುದಿಲ್ಲ. ಆ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ.

ರೈಲು ನಿಲ್ದಾಣದಲ್ಲಿ ನನ್ನ ಸೂಟ್‌ಕೇಸಿನ ಚಕ್ರ ಒಬ್ಬರ ಪಾದದ ಮೇಲೆ ಹತ್ತಿತು. ನಾನು ಬಾಯಿ ತೆರೆಯುವ ಮೊದಲೇ ಅವರೇ ‘ಸಾರಿ’ ಅಂದರು. ಅದು ವ್ಯಂಗ್ಯವೇ? ನಾನೇನು ಹೇಳಬೇಕಿತ್ತು? – ಲೀಡ್ಸ್‌ನಲ್ಲಿ ಓದುತ್ತಿರುವ ವಿದ್ಯಾರ್ಥಿನಿ

ವ್ಯಂಗ್ಯವಲ್ಲ. ಯಾರಿಗಾದರೂ ಕಾಲು ತಾಗಿದರೆ ನಮ್ಮ ಕೈ ತಾನಾಗಿ ಮುಂದೆ ಹೋಗಿ, ಮುಟ್ಟಿ, ಕಣ್ಣಿಗೊತ್ತಿಕೊಳ್ಳುತ್ತದಲ್ಲ? ಯಾರ ಕಾಲು ಯಾರಿಗೆ ತಾಗಿತು ಎಂದು ವಿಚಾರಣೆ ಮುಗಿಸಿ ನಾವು ಕೈ ಚಾಚುವುದಿಲ್ಲ. ಅವರ ‘ಸಾರಿ’ಯೂ ಆ ಜಾತಿಯದು. ಮಾನವಶಾಸ್ತ್ರಜ್ಞೆ ಕೇಟ್ ಫಾಕ್ಸ್ ಇಂಗ್ಲೆಂಡಿನ ಊರುಗಳಲ್ಲಿ ಜನಜಂಗುಳಿಯ ನಡುವೆ ಬೇಕೆಂದೇ ನೂರಾರು ಮಂದಿಗೆ ಡಿಕ್ಕಿ ಹೊಡೆದು ನೋಡಿದ್ದರು. ಡಿಕ್ಕಿ ತಿಂದವರಲ್ಲಿ ನೂರಕ್ಕೆ ಸುಮಾರು 80 ಮಂದಿ ತಾವೇ ‘ಸಾರಿ’ ಅಂದರು ಎಂದು 2004ರಲ್ಲಿ ಬರೆದರು. ತಮ್ಮ ಬಾಯಿಂದ ಆ ಮಾತು ಮೊದಲು ಉದುರದಂತೆ ತಡೆಯಲು ತುಟಿ ಕಚ್ಚಿಕೊಳ್ಳಬೇಕಾಯಿತು ಎಂಬುದನ್ನೂ ಅವರು ಮುಚ್ಚಿಟ್ಟಿಲ್ಲ, ಅವರೂ ಇಂಗ್ಲಿಷರೇ.

ಅಲ್ಲಿ ಪ್ರತಿಯೊಬ್ಬರೂ ಸುತ್ತ ಒಂದು ಕಾಣದ ಬೇಲಿ ಹಾಕಿಕೊಂಡು ಓಡಾಡುತ್ತಾರೆ ಎಂದಿಟ್ಟುಕೊಳ್ಳಿ. ಡಿಕ್ಕಿಯಾದಾಗ ಎರಡೂ ಬೇಲಿ ಮುರಿದಂತೆ. ಹಾಗಾಗಿ ಎರಡೂ ಕಡೆಯಿಂದ ‘ಸಾರಿ’ ಬರುತ್ತದೆ.

ನೀವು ಮಾಡಬೇಕಾದ್ದು ಇಷ್ಟು: ಅವರ ‘ಸಾರಿ’ಯ ಮೇಲೆಯೇ ನಿಮ್ಮದೂ ಬೀಳಲಿ, ‘ಸಾರಿ, ಮೈ ಫಾಲ್ಟ್’. ಅರೆಗಳಿಗೆ ಮುಖ ನೋಡಿ, ತಲೆ ಸ್ವಲ್ಪ ಆಡಿಸಿ, ಮುಂದೆ ಹೋಗಿ. ಚಕ್ರ ನಿಜಕ್ಕೂ ನೋಯಿಸಿದ ಹಾಗಿದ್ದರೆ ನಿಂತು ‘ಆರ್ ಯು ಆಲ್ ರೈಟ್?’ ಎಂದು ಕೇಳಿ, ಉತ್ತರ ಬರುವವರೆಗೆ ಹೊರಡಬೇಡಿ. ಹೊಸಬರು ಎಡವುವುದು ‘ಇಟ್ಸ್ ಓಕೆ’ ಎಂಬಲ್ಲಿ. ಕಾಲು ತುಳಿದವರು ನೀವು, ಕ್ಷಮಿಸುತ್ತಿರುವವರೂ ನೀವೇ! ಅದನ್ನು ಕೇಳಿದ ಇಂಗ್ಲಿಷರು ಏನೂ ಅನ್ನುವುದಿಲ್ಲ, ಆದರೆ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಅವರೇ ನಿಮಗೆ ತಾಗಿದರೆ ‘ನೋ ವರೀಸ್’ ಎನ್ನಬಹುದು, ಇಲ್ಲವೇ ಸುಮ್ಮನೆ ‘ಸಾರಿ’ ಎಂದು ಹಿಂದಿರುಗಿಸಬಹುದು. ಎದುರಿನವರು ‘ಯು’ರ್ ಆಲ್ ರೈಟ್’ ಅಂದರೆ ಅದು ನಿಮ್ಮ ಆರೋಗ್ಯದ ವಿಚಾರವಲ್ಲ, ‘ಪರವಾಗಿಲ್ಲ ಬಿಡಿ’ ಎಂದರ್ಥ.

ಒಂದೇ ಪದ, ಹತ್ತು ಅರ್ಥ. ಯಾವ ‘ಸಾರಿ’ ಯಾವುದು ಎಂದು ಕಿವಿಯಲ್ಲೇ ಗುರುತಿಸಲು ಸಾಧ್ಯವೇ? – ಮಗಳ ಮನೆಗೆ ಬಂದಿರುವ ನಿವೃತ್ತ ಶಿಕ್ಷಕರು, ರೆಡಿಂಗ್

ಸಾಧ್ಯ. ಎರಡನ್ನು ಗಮನಿಸಿ: ಸ್ವರ ಏರುತ್ತದೋ ಇಳಿಯುತ್ತದೋ, ಮತ್ತು ‘ಸಾರಿ’ಯ ಬೆನ್ನಿಗೆ ಬರುವ ಪದ ಯಾವುದು.

ಕೊನೆಯಲ್ಲಿ ಸ್ವರ ಏರಿದರೆ, ‘ಸಾರಿ?’, ಅದಕ್ಕೆ ‘ಏನಂದಿರಿ?’ ಎಂದರ್ಥ. ಇದಕ್ಕೆ ‘ನೋ ಪ್ರಾಬ್ಲಮ್’ ಎಂದು ಉತ್ತರಿಸಿದರೆ ಇಬ್ಬರೂ ಮಿಕಿಮಿಕಿ ನೋಡುತ್ತಾ ನಿಲ್ಲಬೇಕಾಗುತ್ತದೆ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ. ಗಟ್ಟಿಯಾಗಿ ಕೂಗುವುದು ಬೇಡ, ಮುಖ್ಯವಾದ ಪದವನ್ನು ನಿಧಾನವಾಗಿ ಹೇಳಿದರೆ ಸಾಕು.

ಚಿಕ್ಕದಾಗಿ, ಸ್ವರ ಇಳಿಸಿ ಹೇಳಿದ ‘ಸಾರಿ’ ಮೈ ತಾಗಿದ್ದಕ್ಕೆ, ಅಡ್ಡ ಬಂದದ್ದಕ್ಕೆ. ಮಾತಿನ ಆರಂಭದಲ್ಲಿ ತುಸು ಎಳೆದು ಬಂದರೆ ಅದು ಬಾಗಿಲು ತಟ್ಟುವ ಸದ್ದು. ಹಿಂದೆಯೇ ಒಂದು ಕೋರಿಕೆ ಇರುತ್ತದೆ. ‘ಸಾರಿ, ಈಸ್ ಎನಿಒನ್ ಸಿಟಿಂಗ್ ಹಿಯರ್?’ ಎಂಬಲ್ಲಿ ತಪ್ಪಿಲ್ಲ, ತಪ್ಪಿತಸ್ಥರೂ ಇಲ್ಲ. ‘ಸಾರಿ, ಬಟ್...’ ಅಂದರೆ ತಕರಾರು ಬರುತ್ತಿದೆ, ಕಿವಿ ನಿಮಿರಿಸಿ.

ಇವುಗಳಲ್ಲಿ ಹರಿತವಾದದ್ದು ಸಾಲಿನಲ್ಲಿ ಕೇಳುವ ‘ಸಾರಿ, ಆರ್ ಯು ಇನ್ ದ ಕ್ಯೂ?’ ಎಂಬುದು. ಕೇಳಲು ಪ್ರಶ್ನೆ, ಒಳಗೆ ಆರೋಪಪಟ್ಟಿ: ನೀವು ಸಾಲು ಮುರಿದಿದ್ದೀರಿ. ‘ಯೆಸ್, ಐ ಆಮ್’ ಎಂದು ಮುಗ್ಧವಾಗಿ ಉತ್ತರಿಸಿ ಅಲ್ಲೇ ನಿಂತರೆ ಹಿಂದೆ ನಿಟ್ಟುಸಿರುಗಳು ಕೇಳಿಸುತ್ತವೆ. ‘ಓ ಸಾರಿ, ಐ ಡಿಡಂಟ್ ರಿಯಲೈಸ್’ ಎಂದು ಕೊನೆಗೆ ಹೋಗಿ ನಿಂತರೆ ವಿಷಯ ಅಲ್ಲಿಗೇ ಮುಗಿಯಿತು.

‘ಸಾರಿ ಟು ಹಿಯರ್ ದಟ್’, ‘ಸಾರಿ ಫಾರ್ ಯುವರ್ ಲಾಸ್’ ಇವು ಸಂತಾಪ. ಪದದ ಮೂಲಾರ್ಥ ಉಳಿದಿರುವುದು ಇಲ್ಲಿಯೇ. ಹಳೆಯ ಇಂಗ್ಲಿಷಿನ ‘ಸಾರಿಗ್’ ಎಂದರೆ ನೊಂದ ಎಂದರ್ಥ. ಗಾಯ ನೋಯುವುದಕ್ಕೆ ಹೇಳುವ ‘ಸೋರ್’ ಇದರ ಹತ್ತಿರದ ನೆಂಟ. ದುಃಖ ಎಂಬರ್ಥದ ‘ಸಾರೋ’ ಮಾತ್ರ ಬೇರೆ ಬೇರಿನಿಂದ ಬಂದ ಪದ, ಹೋಲಿಕೆ ನೋಡಿ ಮೋಸಹೋಗುವವರು ಬಹಳ. ಸಂತಾಪದ ‘ಸಾರಿ’ಗೆ ‘ಥ್ಯಾಂಕ್ ಯು’ ಎನ್ನಬೇಕು. ‘ನಿಮ್ಮದೇನೂ ತಪ್ಪಿಲ್ಲ’ ಎನ್ನಬಾರದು.

ಜೊತೆಗೆ ‘ಐ’ಮ್ ಅಫ್ರೇಡ್’ ಎಂಬ ತಮ್ಮನೊಬ್ಬನಿದ್ದಾನೆ. ‘ಐ’ಮ್ ಅಫ್ರೇಡ್ ವಿ’ರ್ ಕ್ಲೋಸ್ಡ್’ ಎಂದವರಿಗೆ ಯಾವ ಹೆದರಿಕೆಯೂ ಇಲ್ಲ. ಅಂಗಡಿ ಮುಚ್ಚಿದೆ, ನೀವು ಹೊರಡಿ, ಅಷ್ಟೇ.

‘ಸಾರಿ’, ‘ಎಕ್ಸ್‌ಕ್ಯೂಸ್ ಮಿ’, ‘ಪಾರ್ಡನ್’: ಯಾವುದು ಎಲ್ಲಿ?

ಗಮನ ಸೆಳೆಯಲು, ದಾರಿ ಬಿಡಿಸಿಕೊಳ್ಳಲು ‘ಎಕ್ಸ್‌ಕ್ಯೂಸ್ ಮಿ’. ರೈಲಿನಲ್ಲಿ ಅದನ್ನು ಒಮ್ಮೆ ಹೇಳಿ. ಮುಂದಿನವರು ಕದಲದಿದ್ದರೆ ಅದನ್ನೇ ಗಟ್ಟಿಯಾಗಿ ಹೇಳಬೇಡಿ, ಅದು ಬೈಗುಳವಾಗುತ್ತದೆ. ‘ಸಾರಿ, ದಿಸ್ ಈಸ್ ಮೈ ಸ್ಟಾಪ್’ ಅನ್ನಿ. ಮಾತು ಕೇಳಿಸದಿದ್ದಾಗ ಅನ್ನುವ ‘ಪಾರ್ಡನ್’ಗೆ ಒಂದು ವರ್ಗದ ಕಥೆಯಿದೆ. 1954ರಲ್ಲಿ ಅಲನ್ ರಾಸ್ ಎಂಬ ಭಾಷಾಶಾಸ್ತ್ರಜ್ಞರು ಮೇಲ್ವರ್ಗದವರ ಮಾತನ್ನೂ ಉಳಿದವರ ಮಾತನ್ನೂ ಬೇರ್ಪಡಿಸಿ ಬರೆದರು, ಲೇಖಕಿ ನ್ಯಾನ್ಸಿ ಮಿಟ್‌ಫರ್ಡ್ ಅದನ್ನು ಮನೆಮಾತಾಗಿಸಿದರು. ಅಂದಿನಿಂದ ‘ಪಾರ್ಡನ್’ ಎಂದರೆ ಮೇಲೇರಲು ಹವಣಿಸುವವರ ನಯ ಎಂಬ ಹಣೆಪಟ್ಟಿ. ಮೇಲ್ವರ್ಗದವರು ಒರಟಾಗಿ ‘ವಾಟ್?’ ಅನ್ನುತ್ತಾರಂತೆ. ನಮಗೆ ಈ ಜಗಳ ಬೇಡ. ‘ಸಾರಿ?’ ಎಲ್ಲೆಡೆ ನಡೆಯುತ್ತದೆ.

ಮಳೆ ಬಂದರೂ ‘ಸಾರಿ ಅಬೌಟ್ ದ ವೆದರ್’ ಅನ್ನುತ್ತಾರೆ. ಮೋಡಕ್ಕೆ ಇವರು ಜವಾಬ್ದಾರರೇ?

ಅಲ್ಲ. ಆದರೆ ಇದು ವ್ಯರ್ಥ ಮಾತೂ ಅಲ್ಲ. ಅಮೆರಿಕದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನೋಡಿ. ಮಳೆ ಬರುತ್ತಿದ್ದ ದಿನ ರೈಲು ನಿಲ್ದಾಣದಲ್ಲಿ ಒಬ್ಬಾತ ಅಪರಿಚಿತರ ಬಳಿ ಹೋಗಿ ಫೋನು ಕೇಳುತ್ತಾನೆ. ನೇರವಾಗಿ ಕೇಳಿದಾಗ ಕೊಟ್ಟವರು ನೂರಕ್ಕೆ 9. ಮೊದಲು ‘ಮಳೆಗೆ ಸಾರಿ’ ಎಂದು ಸೇರಿಸಿ ಕೇಳಿದಾಗ 47! ಇವನಿಗೆ ನನ್ನ ಪಾಡು ಕಾಣುತ್ತಿದೆ ಎಂಬ ಭಾವನೆ ನಂಬಿಕೆಯನ್ನು ತರುತ್ತದೆ. ನಿಮಗೆ ಯಾರಾದರೂ ಹವೆಗೆ ‘ಸಾರಿ’ ಅಂದರೆ ‘ಇಟ್ಸ್ ಬ್ರೈಟನಿಂಗ್ ಅಪ್, ಐ ಥಿಂಕ್’ ಎನ್ನಿ. ಆಕಾಶ ಕಪ್ಪಗಿದ್ದರೂ ಚಿಂತೆಯಿಲ್ಲ. ಅವರ ಊರಿನ ಮಳೆಯನ್ನು ಬೈಯುವ ಹಕ್ಕು ಅವರದ್ದು, ನೀವು ಜೊತೆಗೂಡಿ ಜೋರಾಗಿ ಬೈಯಬೇಡಿ.

ಆಫೀಸಿನಲ್ಲಿ ಮ್ಯಾನೇಜರ್ ‘ಯು ಡೋಂಟ್ ನೀಡ್ ಟು ಕೀಪ್ ಅಪಾಲಜೈಸಿಂಗ್’ ಅಂದರು. ಇಂಗ್ಲಿಷರೇ ಇಷ್ಟೊಂದು ಹೇಳುವಾಗ ನನಗೆ ಮಾತ್ರ ಯಾಕೆ ಪಾಠ? – ಬ್ರಿಸ್ಟಲ್‌ನ ಸಾಫ್ಟ್‌ವೇರ್ ಉದ್ಯೋಗಿ

ಬಾಯಿಮಾತಿನ ‘ಸಾರಿ’ ಗಾಳಿಯಲ್ಲಿ ಕರಗುತ್ತದೆ, ಮೇಲ್‌ನಲ್ಲಿ ಬರೆದದ್ದು ನಿಲ್ಲುತ್ತದೆ. ಒಂದು ಮೇಲ್‌ನಲ್ಲಿ ಮೂರು ‘ಸಾರಿ’ ಕಂಡರೆ ಓದಿದವರ ಕಣ್ಣಿಗೆ ಮೂರು ತಪ್ಪು ಕಾಣುತ್ತದೆ. ನಿಮಗೆ ಹೇಳಿದ್ದು ಬಹುಶಃ ಇದಕ್ಕಾಗಿ.

ಒಂದು ಮಾದರಿ ನೋಡೋಣ. ‘ಸಾರಿ ಟು ಬಾದರ್ ಯು. ಸಾರಿ ಇಫ್ ದಿಸ್ ಈಸ್ ಎ ಸಿಲ್ಲಿ ಕ್ವೆಶ್ಚನ್, ಐ ವಾಸ್ ಜಸ್ಟ್ ವಂಡರಿಂಗ್ ಇಫ್ ಯು’ಡ್ ಹ್ಯಾಡ್ ಎ ಚಾನ್ಸ್ ಟು ಲುಕ್ ಅಟ್ ದ ಫಿಗರ್ಸ್.’ ಇದರಲ್ಲಿ ಕೆಲಸ ಯಾವುದು, ಯಾವ ದಿನಕ್ಕೆ ಬೇಕು, ಎರಡೂ ಇಲ್ಲ. ಓದಿದವರು ಆಮೇಲೆ ನೋಡೋಣ ಎಂದು ಬದಿಗಿಡುತ್ತಾರೆ. ಅದನ್ನೇ ‘ಕುಡ್ ಯು ಚೆಕ್ ದ ಫಿಗರ್ಸ್ ಇನ್ ರೋ 12 ಬೈ ಥರ್ಸ್‌ಡೇ? ಐ ನೀಡ್ ದೆಮ್ ಫಾರ್ ಫ್ರೈಡೇಸ್ ಮೀಟಿಂಗ್’ ಎಂದು ಬರೆದರೆ ಕೆಲಸ, ದಿನ, ಕಾರಣ ಮೂರೂ ಬಂದವು. ನಯ ‘ಕುಡ್ ಯು’ ಒಳಗೇ ಇದೆ. ಅತಿಯಾಗಿ ಕತ್ತರಿಸಿ ‘ಪ್ಲೀಸ್ ಚೆಕ್’ ಎಂದಷ್ಟೇ ಬರೆಯಬೇಡಿ. ‘ಪ್ಲೀಸ್’ ಇದ್ದರೂ ಅದು ಅಲ್ಲಿಯವರ ಕಿವಿಗೆ ಅಪ್ಪಣೆ.

ಮೇಲ್ ಬರೆದು ಮುಗಿಸಿದ ಮೇಲೆ, ಕಳಿಸುವ ಮುನ್ನ, ‘ಸಾರಿ’ ಇದ್ದ ಕಡೆಯೆಲ್ಲ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ನನ್ನಿಂದ ಯಾರಿಗಾದರೂ ಹೊತ್ತು, ಹಣ ಅಥವಾ ಕೊಟ್ಟ ಮಾತು ನಷ್ಟವಾಯಿತೇ? ಇಲ್ಲವಾದರೆ ಅಳಿಸಿ. ಹೌದಾದರೆ ಒಂದೇ ಒಂದನ್ನು ಉಳಿಸಿ, ಪಕ್ಕದಲ್ಲೇ ಹೊಸ ದಿನಾಂಕ ಬರೆಯಿರಿ. ಅದೇ ದಿನ ಅಥವಾ ಮರುದಿನ ಕೊಡುವ ಉತ್ತರಕ್ಕೆ ‘ಸಾರಿ ಫಾರ್ ದ ಡಿಲೇ’ ಬೇಕಿಲ್ಲ. ಹೇಳಿದ ದಿನ ತಪ್ಪಿದ್ದರೆ ಬೇಕೇ ಬೇಕು. ಇತ್ತೀಚೆಗೆ ‘ಸಾರಿ ಅನ್ನಬೇಡಿ, ಥ್ಯಾಂಕ್ಸ್ ಅನ್ನಿ’ ಎಂಬ ಉಪದೇಶ ಎಲ್ಲ ಕಡೆ ಹಬ್ಬಿದೆ. ಅರ್ಧ ಗಂಟೆ ಕಾಯಿಸಿದಾಗ ಅದು ಚೆನ್ನ. ಮೂರು ವಾರ ಕಾಯಿಸಿ ‘ಥ್ಯಾಂಕ್ಸ್ ಫಾರ್ ಯುವರ್ ಪೇಷನ್ಸ್’ ಎಂದರೆ ತಾಳ್ಮೆಯನ್ನು ಕಿತ್ತುಕೊಂಡು ಧನ್ಯವಾದ ಹೇಳಿದ ಹಾಗೆ.

ಇನ್ನೊಂದು ಗುಟ್ಟು. ನಿಮಗೆ ‘ಸಾರಿ ಟು ಚೇಸ್’ ಎಂಬ ಮೇಲ್ ಬಂದರೆ ಕ್ಷಮೆ ಕೇಳುತ್ತಿರುವವರು ಅವರಲ್ಲ. ನೀವು ತಡ ಮಾಡಿದ್ದೀರಿ ಎಂದು ನೆನಪಿಸುತ್ತಿದ್ದಾರೆ. ಅಂದೇ ಉತ್ತರಿಸಿ. ಮೀಟಿಂಗಿನಲ್ಲಿ ಮಾತ್ರ ‘ಸಾರಿ, ಕ್ಯಾನ್ ಐ ಜಸ್ಟ್ ಕಮ್ ಇನ್ ಹಿಯರ್?’ ಎಂಬುದನ್ನು ಬಿಡಬೇಡಿ. ಮಾತಿನ ನಡುವೆ ಜಾಗ ಮಾಡಿಕೊಳ್ಳಲು ಅಲ್ಲಿ ಬೇರೆ ಬಾಗಿಲಿಲ್ಲ.

ಕಾರು ಸವರಿಕೊಂಡು ಹೋದಾಗ ‘ಸಾರಿ’ ಅಂದರೆ ತಪ್ಪೊಪ್ಪಿಕೊಂಡಂತೆ, ಬಾಯಿ ಬಿಡಬೇಡ ಎಂದು ಗೆಳೆಯರು ಹೆದರಿಸುತ್ತಾರೆ. ನಿಜವೇ? – ಲೆಸ್ಟರ್‌ನ ಓದುಗರು

ಅರ್ಧ ನಿಜ. 2006ರ ಕಾಂಪೆನ್ಸೇಶನ್ ಆಕ್ಟ್‌ನ 2ನೇ ಸೆಕ್ಷನ್ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸ್ಪಷ್ಟವಾಗಿ ಹೇಳುತ್ತದೆ: ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯವನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ಸ್ಕಾಟ್ಲೆಂಡಿನಲ್ಲಿ 2016ರಲ್ಲಿ ಪ್ರತ್ಯೇಕ ಕಾನೂನೇ ಬಂತು. ಇನ್ನು ಇಂಗ್ಲೆಂಡಿನ ಆಸ್ಪತ್ರೆಗಳ ವಿಷಯದಲ್ಲಂತೂ, ಚಿಕಿತ್ಸೆಯಲ್ಲಿ ಗಂಭೀರ ಎಡವಟ್ಟಾದರೆ ರೋಗಿಗೆ ತಿಳಿಸಿ ಕ್ಷಮೆ ಕೇಳುವುದು 2014ರ ನಿಯಮಗಳ ಪ್ರಕಾರ ಕರ್ತವ್ಯ.

ಆದರೆ ‘ಸಾರಿ’ ಬೇರೆ, ‘ಸಾರಿ, ನಾನು ಫೋನ್ ನೋಡುತ್ತಿದ್ದೆ, ನನ್ನದೇ ತಪ್ಪು’ ಬೇರೆ. ಎರಡನೆಯದು ನಡೆದದ್ದರ ಹೇಳಿಕೆ, ಅದು ಮುಂದೆ ನಿಮ್ಮ ವಿರುದ್ಧ ಬಳಕೆಯಾಗಬಹುದು. ವಿಮೆಯ ಷರತ್ತುಗಳಲ್ಲೂ ಸಾಮಾನ್ಯವಾಗಿ ‘ಹೊಣೆ ಒಪ್ಪಿಕೊಳ್ಳಬಾರದು’ ಎಂದಿರುತ್ತದೆ. ಹಾಗಾಗಿ ಕ್ರಮ ಹೀಗಿರಲಿ: ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹಜಾರ್ಡ್ ಲೈಟ್ ಹಾಕಿ. ಮೊದಲ ಮಾತು ‘ಆರ್ ಯು ಆಲ್ ರೈಟ್?’ ಆಗಿರಲಿ. ನಾಲಿಗೆಯಿಂದ ಒಂದು ‘ಸಾರಿ’ ಜಾರಿದರೆ ಗಾಬರಿಪಡಬೇಡಿ, ಅದಕ್ಕೆ ಕಾರಣ ಮಾತ್ರ ಪೋಣಿಸಬೇಡಿ. 1988ರ ರೋಡ್ ಟ್ರಾಫಿಕ್ ಆಕ್ಟ್‌ನ ಪ್ರಕಾರ ಹೆಸರು, ವಿಳಾಸ, ಗಾಡಿಯ ನೋಂದಣಿ ಸಂಖ್ಯೆ ಕೊಡಬೇಕು, ಗಾಡಿ ಬೇರೆಯವರದ್ದಾದರೆ ಅವರ ವಿವರವನ್ನೂ ಕೊಡಬೇಕು. ಅಲ್ಲಿ ಕೊಡಲಾಗದಿದ್ದರೆ ಆದಷ್ಟು ಬೇಗ, 24 ಗಂಟೆಯ ಒಳಗೆ ಪೊಲೀಸರಿಗೆ ತಿಳಿಸಬೇಕು. ಎರಡೂ ಗಾಡಿಗಳ ಸ್ಥಾನ, ನಂಬರ್ ಪ್ಲೇಟ್, ಜಖಂ, ರಸ್ತೆಯ ಗುರುತು ಇವುಗಳ ಫೋಟೋಗಳನ್ನು ಗಾಡಿ ಸರಿಸುವ ಮೊದಲೇ ತೆಗೆಯಿರಿ.

ರೈಲು ತಡವಾದಾಗಲೆಲ್ಲ ಸ್ಪೀಕರು ‘ಸಾರಿ’ ಅನ್ನುತ್ತದೆ. ಅಂಗಡಿಗೆ ಕೆಟ್ಟ ಸಾಮಾನು ವಾಪಸು ಕೊಡಲು ಹೋದರೆ ‘ಸಾರಿ’ ಅನ್ನುವವಳು ನಾನು! – ಕಾವೆಂಟ್ರಿಯ ಗೃಹಿಣಿ

ಸ್ಪೀಕರಿನದು ಮೊದಲೇ ಧ್ವನಿಮುದ್ರಿಸಿಟ್ಟ ‘ಸಾರಿ’. ಅದನ್ನು ಕೇಳಿ ಸುಮ್ಮನಾಗಬೇಡಿ, ತಡಕ್ಕೆ ಟಿಕೆಟ್ ಹಣ ವಾಪಸು ಕೊಡುವ ‘ಡಿಲೇ ರಿಪೇ’ಗೆ ಅರ್ಜಿ ಹಾಕಿ. 15 ನಿಮಿಷದ ಲೆಕ್ಕ ಇಟ್ಟುಕೊಂಡಿರುವ ಕಂಪನಿಗಳಲ್ಲಿ 15ರಿಂದ 29 ನಿಮಿಷ ತಡಕ್ಕೆ ಒಂದು ಕಡೆಯ ಟಿಕೆಟ್ ದರದ ಕಾಲು ಭಾಗ, 30ರಿಂದ 59ಕ್ಕೆ ಅರ್ಧ, 60 ನಿಮಿಷ ದಾಟಿದರೆ ಪೂರ್ತಿ. ಕೆಲವು ಕಂಪನಿಗಳಲ್ಲಿ ಲೆಕ್ಕ ಶುರುವಾಗುವುದೇ 30ರಿಂದ. ರೈಲು ಹೊರಟದ್ದು ಎಷ್ಟು ತಡ ಎಂಬುದಲ್ಲ, ನೀವು ತಲುಪಿದ್ದು ಎಷ್ಟು ತಡ ಎಂಬುದು ಲೆಕ್ಕ. 28 ದಿನದ ಒಳಗೆ ಅರ್ಜಿ ಹೋಗಬೇಕು. ಗೇಟಿನಲ್ಲಿ ಟಿಕೆಟನ್ನು ಯಂತ್ರ ನುಂಗಿಬಿಡಬಹುದು, ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಅಂಗಡಿಯಲ್ಲಿ ‘ಸಾರಿ’ ಎಂದು ಶುರು ಮಾಡಿದರೆ ಉಪಕಾರ ಬೇಡಿದಂತೆ ಕೇಳಿಸುತ್ತದೆ, ಎದುರಿನವರು ‘ಕಂಪನಿಗೆ ಕಳಿಸಿ’ ಎಂದು ಜಾರಿಕೊಳ್ಳಲು ದಾರಿಯಾಗುತ್ತದೆ. 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಪ್ರಕಾರ ದೋಷವಿರುವ ಸಾಮಾನನ್ನು 30 ದಿನದ ಒಳಗೆ ಹಿಂದಿರುಗಿಸಿ ಪೂರ್ತಿ ಹಣ ಪಡೆಯುವ ಹಕ್ಕಿದೆ, ಹೊಣೆ ಮಾರಿದವರದ್ದು. 30 ದಿನ ಮೀರಿದರೆ ಮೊದಲು ದುರಸ್ತಿಗೋ ಬದಲಿಗೋ ಒಂದು ಅವಕಾಶ ಕೊಡಬೇಕು. ರಸೀದಿ ಕಳೆದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ. ‘ಹಲೋ, ಐ ಬಾಟ್ ದಿಸ್ ಹಿಯರ್ ಆನ್ ದ ಫಿಫ್ತ್. ಇಟ್ಸ್ ಸ್ಟಾಪ್ಡ್ ವರ್ಕಿಂಗ್, ಅಂಡ್ ಐ’ಡ್ ಲೈಕ್ ಎ ರೀಫಂಡ್, ಪ್ಲೀಸ್.’ ಇಷ್ಟು ಹೇಳಿ ಸುಮ್ಮನಿರಿ. ಆ ಮೌನವನ್ನು ತುಂಬಲು ‘ಸಾರಿ’ ಬಾಯಿಗೆ ಬಂದೇ ಬರುತ್ತದೆ, ನುಂಗಿಕೊಳ್ಳಿ. ಬಣ್ಣ ಇಷ್ಟವಾಗಲಿಲ್ಲ ಎಂದು ಅಂಗಡಿಯಲ್ಲಿ ಕೊಂಡದ್ದನ್ನು ವಾಪಸು ಒಯ್ದಿದ್ದರೆ ಮಾತ್ರ ಕಾನೂನಿನ ಬಲವಿಲ್ಲ, ಅಂಗಡಿಯವರ ನಿಯಮ ಇದ್ದಂತೆ. ಅಲ್ಲಿ ಒಂದು ‘ಸಾರಿ’ ಕೆಲಸಕ್ಕೆ ಬರುತ್ತದೆ.

ಪಕ್ಕದ ಮನೆಯವರಿಂದ ಹುಲ್ಲು ಕತ್ತರಿಸುವ ಯಂತ್ರ ತಂದು ಅದರ ಬ್ಲೇಡು ಮುರಿದೆವು. ಐದಾರು ಸಲ ‘ಸಾರಿ’ ಅಂದರೂ ಅವರು ಬಿಗುವಾಗಿಯೇ ಇದ್ದಾರೆ.

ಚಿಲ್ಲರೆಯಂತೆ ದಿನವಿಡೀ ಚಲಾವಣೆಯಲ್ಲಿರುವ ಪದದಿಂದ ದೊಡ್ಡ ಸಾಲ ತೀರಿಸಲು ಹೊರಟಿದ್ದೀರಿ. ಎಷ್ಟು ಎಣಿಸಿಕೊಟ್ಟರೂ ಸಾಲದು. ಒಳ್ಳೆಯ ಕ್ಷಮೆಯಲ್ಲಿ ಏನೇನು ಇರಬೇಕು ಎಂದು ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಆರು ಅಂಶಗಳನ್ನು ಪರೀಕ್ಷಿಸಿದ್ದರು. ಹೆಚ್ಚು ತೂಗಿದ್ದು ‘ತಪ್ಪು ನನ್ನದು’ ಎಂಬ ಒಪ್ಪಿಗೆ, ಅದರ ನಂತರ ಸರಿಪಡಿಸುತ್ತೇನೆ ಎಂಬ ಮಾತು. ‘ಕ್ಷಮಿಸಿಬಿಡಿ’ ಎಂಬ ಬೇಡಿಕೆ ಎಲ್ಲಕ್ಕಿಂತ ಹಗುರ.

ಯಂತ್ರದ ಮಾದರಿ ಸಂಖ್ಯೆ ನೋಡಿ ಹೊಸ ಬ್ಲೇಡು ತರಿಸಿ. ಅದು ಕೈಗೆ ಬಂದ ಮೇಲೆ ಬಾಗಿಲು ತಟ್ಟಿ: ‘ಐ ಬ್ರೋಕ್ ದ ಬ್ಲೇಡ್ ಆನ್ ಸಂಡೇ. ಐ ಶುಡ್ ಹ್ಯಾವ್ ಚೆಕ್ಡ್ ಫಾರ್ ಸ್ಟೋನ್ಸ್. ಐ’ಮ್ ರಿಯಲಿ ಸಾರಿ. ಐ’ವ್ ಬ್ರಾಟ್ ಎ ನ್ಯೂ ಒನ್.’ ಇಲ್ಲಿ ‘ಬ್ರೋಕ್’ ಇದೆ, ‘ಗಾಟ್ ಬ್ರೋಕನ್’ ಇಲ್ಲ. ಬ್ಲೇಡು ತಾನಾಗಿ ಮುರಿದುಕೊಳ್ಳಲಿಲ್ಲ. ‘ಇಫ್’ ಮತ್ತು ‘ಬಟ್’ ಕೂಡ ಇಲ್ಲ. ‘ಸಾರಿ ಇಫ್ ಯು ವರ್ ಅಪ್‌ಸೆಟ್’ ಎಂದರೆ ಕೋಪಿಸಿಕೊಂಡದ್ದು ಅವರದೇ ತಪ್ಪು ಎಂದ ಹಾಗೆ. ಅವರು ‘ಓ, ಯು ಶುಡಂಟ್ ಹ್ಯಾವ್’ ಎನ್ನುತ್ತಾರೆ. ಬ್ಲೇಡನ್ನು ವಾಪಸು ತರಬೇಡಿ, ಕೊಟ್ಟು ಬನ್ನಿ.

ಹೆಂಗಸರೇ ಹೆಚ್ಚು ‘ಸಾರಿ’ ಅನ್ನುತ್ತಾರೆ ಎಂಬುದು ನಿಜವೇ?

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ 2010ರ ಅಧ್ಯಯನವೊಂದರಲ್ಲಿ ದಿನಚರಿ ಬರೆಸಿ ನೋಡಿದಾಗ, ಹೌದು, ಹೆಂಗಸರು ಹೆಚ್ಚು ಸಲ ಹೇಳಿದ್ದರು. ಆದರೆ ತಪ್ಪು ಎಂದು ತಮಗೆ ಅನಿಸಿದ್ದಕ್ಕೆ ಕ್ಷಮೆ ಕೇಳುವುದರಲ್ಲಿ ಇಬ್ಬರೂ ಸಮ. ಗಂಡಸರಿಗೆ ತಪ್ಪು ಅನಿಸುವುದೇ ಕಡಿಮೆ!

ಬಾಗಿಲಲ್ಲಿ ಎದುರಾದಾಗ ಅವರು ‘ಸಾರಿ’, ನಾನು ‘ಸಾರಿ’. ಅವರು ಎಡಕ್ಕೆ, ನಾನೂ ಅದೇ ಕಡೆಗೆ. ಮತ್ತೆ ‘ಸಾರಿ’. ಇದು ಮುಗಿಯುವುದು ಹೇಗೆ?

ಇಬ್ಬರೂ ಒಟ್ಟಿಗೆ ಸರಿಯುವುದರಿಂದ ಅದು ಮುಗಿಯುವುದಿಲ್ಲ. ಎರಡನೇ ‘ಸಾರಿ’ಗೇ ನಿಂತುಬಿಡಿ. ಪಾದ ಎರಡೂ ನೆಲಕ್ಕೆ ಊರಿ, ಒಂದು ಭುಜ ಹಿಂದಕ್ಕೆ ತಿರುಗಿಸಿ, ಅಂಗೈ ತೆರೆದು ಬಾಗಿಲ ಕಡೆ ತೋರಿಸಿ ‘ಆಫ್ಟರ್ ಯು’ ಎನ್ನಿ. ಅವರು ‘ಥ್ಯಾಂಕ್ ಯು’ ಅನ್ನುತ್ತಾರೆ, ದಾಟುವಾಗ ಇನ್ನೊಂದು ‘ಸಾರಿ’ಯನ್ನೂ ಅನ್ನುತ್ತಾರೆ. ಅದಕ್ಕೆ ಉತ್ತರ ಬೇಕಿಲ್ಲ.